ಪಡೆಯುವವರನ್ನು ಮೊದಲು ಕೇಳುವುದು: ಉತ್ತರ ಲಂಡನ್ನಿನ ಒಂದು ಗ್ರೀಕ್ ನೃತ್ಯಶಾಲೆಯ ಪ್ರಕರಣ

ಉತ್ತರ ಲಂಡನ್ನಿನ ಒಂದು ಸಣ್ಣ ಗ್ರೀಕ್ ನೃತ್ಯಶಾಲೆ ವರ್ಷಕ್ಕೊಮ್ಮೆ ಊಟ ಮತ್ತು ಕುಣಿತದ ಸಂಜೆಯೊಂದನ್ನು ಏರ್ಪಡಿಸಿ, ಅದರಿಂದ ಬರುವ ಹಣವನ್ನು ಎರಡು ಸೇವಾಸಂಸ್ಥೆಗಳಿಗೆ ಕೊಡುವ ರೂಢಿ ಇಟ್ಟುಕೊಂಡಿದೆ. ಒಂದು, ಥಲಸ್ಸೀಮಿಯಾ ಎಂಬ ವಂಶಪಾರಂಪರ್ಯದ ರಕ್ತದ ಕಾಯಿಲೆ ಇರುವವರ ಪರವಾಗಿ ಕೆಲಸ ಮಾಡುವ ಸಂಘ. ಇನ್ನೊಂದು, ಅಂಗವೈಕಲ್ಯವುಳ್ಳ ಮಕ್ಕಳನ್ನು ವಾರಾಂತ್ಯದಲ್ಲಿ ನೋಡಿಕೊಂಡು ಅವರ ತಂದೆತಾಯಿಗಳಿಗೆ ಸ್ವಲ್ಪ ಬಿಡುವು ಮಾಡಿಕೊಡುವ ಸಂಸ್ಥೆ. ಒಂದು ವರ್ಷ ಸಭಾಂಗಣ ತುಂಬಿತ್ತು, ಬಂದವರೆಲ್ಲ ಸಂತೋಷದಿಂದ ಮನೆಗೆ ಮರಳಿದ್ದರು. ಆದರೆ ಖರ್ಚು ಕಳೆದು ನೋಡಿದಾಗ ಸಂಸ್ಥೆಗಳಿಗೆ ಕೊಡಲು ಉಳಿದದ್ದು ಬಹಳ ಕಡಿಮೆ. ಅದೇ ಸಂಜೆ, ಯಾರ ಹೆಸರಿನಲ್ಲಿ ಹಣ ಕೂಡಿಸಲಾಗಿತ್ತೋ ಅವರಲ್ಲೇ ಒಬ್ಬರ ಮನಸ್ಸಿಗೆ ನೋವಾಗಿತ್ತು. ಶಾಲೆಯ ಲೆಕ್ಕಪತ್ರ ನೋಡಿಕೊಡುವ ಸ್ವಯಂಸೇವಕನಾಗಿ ಈ ಎರಡು ಸಂಗತಿಗಳನ್ನೂ ಹತ್ತಿರದಿಂದ ಕಂಡವನು ನಾನು. ಇವೆರಡೂ ಬೇರೆಬೇರೆ ತಪ್ಪುಗಳಂತೆ ತೋರಿದರೂ ಎರಡರ ಮೂಲ ಒಂದೇ ಎಂಬುದು ನನ್ನ ಖಚಿತ ಅಭಿಪ್ರಾಯ: ಹಣ ಯಾರಿಗಾಗಿಯೋ ಅವರನ್ನು ಮೊದಲೇ ಕೇಳಿರಲಿಲ್ಲ.

ಶಾಲೆಯ ಹೆಸರನ್ನೂ ಅಲ್ಲಿನವರ ಹೆಸರುಗಳನ್ನೂ ಇಲ್ಲಿ ಕೊಟ್ಟಿಲ್ಲ. ಮೊತ್ತಗಳನ್ನು ಹೇಳಬೇಕಾದಲ್ಲಿ ಶಾಲೆಯ ಪುಸ್ತಕದ ಅಂಕಿಗಳ ಬದಲು ಲೆಕ್ಕದ ಕ್ರಮ ತಿಳಿಯಲು ಸಾಕಾಗುವ ಮಾದರಿ ಅಂಕಿಗಳನ್ನು ಬಳಸಿದ್ದೇನೆ. ನಮ್ಮಲ್ಲೂ ಸಹಾಯಾರ್ಥ ಯಕ್ಷಗಾನ, ಸಹಾಯಾರ್ಥ ನಾಟಕ, ಸಂಗೀತ ಸಂಜೆಗಳು ನಡೆಯುತ್ತಲೇ ಇರುವುದರಿಂದ ಈ ಪ್ರಕರಣದ ವಿವರಗಳು ಕನ್ನಡದ ಓದುಗರಿಗೆ ಅಪರಿಚಿತ ಎನಿಸಲಾರವು.

ಹಿನ್ನೆಲೆ

ಗ್ರೀಕ್ ನೃತ್ಯಶಾಲೆಯೊಂದು ರಕ್ತದ ಕಾಯಿಲೆಗಾಗಿ ಹಣ ಕೂಡಿಸುವುದು ಏಕೆಂದು ತಿಳಿಯಬೇಕಾದರೆ ಸೈಪ್ರಸ್ ದ್ವೀಪದ ಕಥೆಯನ್ನು ಸ್ವಲ್ಪ ತಿಳಿದಿರಬೇಕು. 1960ರವರೆಗೆ ಬ್ರಿಟಿಷರ ಆಳ್ವಿಕೆಯಲ್ಲಿದ್ದ ಈ ದ್ವೀಪದಿಂದ 1950 ಮತ್ತು 60ರ ದಶಕಗಳಲ್ಲಿ ಸಾವಿರಾರು ಕುಟುಂಬಗಳು ಲಂಡನ್ನಿಗೆ ಬಂದವು. 1974ರಲ್ಲಿ ಟರ್ಕಿಯ ಸೇನೆ ದ್ವೀಪದ ಉತ್ತರ ಭಾಗವನ್ನು ಹಿಡಿದಾಗ ಮನೆಮಠ ಕಳೆದುಕೊಂಡ ಇನ್ನಷ್ಟು ಜನ ಬಂದು ಸೇರಿದರು. ಮೊದಲು ಕ್ಯಾಮ್ಡನ್ ಟೌನ್‌ನ ಸುತ್ತ, ಆಮೇಲೆ ಹ್ಯಾರಿಂಗೇ, ಪಾಮರ್ಸ್ ಗ್ರೀನ್, ಎನ್‌ಫೀಲ್ಡ್ ಎಂದು ನೆಲೆಸುತ್ತ ಹೋದ ಈ ಸಮುದಾಯ ತನ್ನ ಚರ್ಚುಗಳನ್ನು, ಶನಿವಾರದ ಗ್ರೀಕ್ ಪಾಠಶಾಲೆಗಳನ್ನು, ಅವುಗಳ ಜೊತೆಗೆ ನೃತ್ಯ ತರಗತಿಗಳನ್ನು ಕಟ್ಟಿಕೊಂಡಿತು. ಈ ಪ್ರಕರಣದ ಶಾಲೆಯೂ ಅಂಥದ್ದೇ. ಚರ್ಚಿನ ಸಭಾಂಗಣವನ್ನು ಬಾಡಿಗೆಗೆ ಪಡೆದು, ಸೈಪ್ರಸ್‌ನಿಂದ ಬಂದ ತಂದೆತಾಯಿಗಳ ಮಗಳೊಬ್ಬರು ಅದನ್ನು ನಡೆಸುತ್ತಾರೆ. ಮಕ್ಕಳೂ ದೊಡ್ಡವರೂ ಅವರನ್ನು ಕರೆಯುವುದು ‘ಕಿರಿಯಾ’ ಎಂದೇ. ನಮ್ಮಲ್ಲಿ ಮೇಡಂ ಎಂದಂತೆ.

ಇದೇ ಜನ ತಮ್ಮೊಂದಿಗೆ ಅರಿವಿಲ್ಲದೆ ತಂದದ್ದು ಥಲಸ್ಸೀಮಿಯಾದ ವಂಶವಾಹಿ. ಮಲೇರಿಯಾ ಶತಮಾನಗಳ ಕಾಲ ಕಾಡಿದ ನಾಡುಗಳಲ್ಲಿ ಈ ವಂಶವಾಹಿ ಹೆಚ್ಚು ಕಾಣಸಿಗುತ್ತದೆ, ಏಕೆಂದರೆ ಅದರ ಒಂದೇ ಪ್ರತಿಯನ್ನು ಹೊತ್ತವರಿಗೆ ಮಲೇರಿಯಾದಿಂದ ಒಂದಿಷ್ಟು ರಕ್ಷಣೆ ಇರುತ್ತದೆ. ಸೈಪ್ರಸ್‌ನಲ್ಲಿ ಸುಮಾರು ಏಳು ಜನರಲ್ಲಿ ಒಬ್ಬರು ಇದರ ವಾಹಕರು. ವಾಹಕರಿಗೆ ಸಾಮಾನ್ಯವಾಗಿ ಯಾವ ತೊಂದರೆಯೂ ಇರುವುದಿಲ್ಲ; ಆದರೆ ಗಂಡ ಹೆಂಡತಿ ಇಬ್ಬರೂ ವಾಹಕರಾಗಿದ್ದರೆ ಪ್ರತಿ ಬಸಿರಿನಲ್ಲೂ ಮಗುವಿಗೆ ತೀವ್ರ ರೂಪದ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಅಂಥ ಮಗುವಿನ ದೇಹ ಸಾಕಷ್ಟು ಹಿಮೋಗ್ಲೋಬಿನ್ ತಯಾರಿಸಲಾರದು. ಎರಡರಿಂದ ನಾಲ್ಕು ವಾರಕ್ಕೊಮ್ಮೆ, ಬದುಕಿರುವಷ್ಟು ದಿನವೂ, ರಕ್ತ ಕೊಡಿಸಬೇಕು. ಹೀಗೆ ಕೊಡಿಸಿದ ರಕ್ತದಿಂದ ದೇಹದಲ್ಲಿ ಕಬ್ಬಿಣ ಸೇರುತ್ತ ಹೋಗಿ ಹೃದಯ, ಯಕೃತ್ತು, ಗ್ರಂಥಿಗಳನ್ನು ಕೆಡಿಸುತ್ತದೆ. ಅದನ್ನು ಹೊರಹಾಕಲು ಮತ್ತೊಂದು ಔಷಧ ಬೇಕು. 1970ರ ದಶಕದ ಕೊನೆಯಿಂದ ಬಳಕೆಗೆ ಬಂದ ಕ್ರಮದಂತೆ, ಚರ್ಮದ ಕೆಳಗೆ ಸೂಜಿ ಚುಚ್ಚಿಕೊಂಡು ಒಂದು ಪುಟ್ಟ ಪಂಪಿನ ಮೂಲಕ ಎಂಟರಿಂದ ಹನ್ನೆರಡು ಗಂಟೆ, ವಾರದ ಬಹುಪಾಲು ರಾತ್ರಿಗಳಲ್ಲಿ, ಔಷಧವನ್ನು ಇಳಿಸಿಕೊಳ್ಳಬೇಕಿತ್ತು. ಯುರೋಪಿನಲ್ಲಿ ನುಂಗುವ ಮಾತ್ರೆಗೆ ಪರವಾನಗಿ ಸಿಕ್ಕಿದ್ದು 1999ರಲ್ಲಿ. ಇಂದು ನಲವತ್ತು ಐವತ್ತರ ಪ್ರಾಯದಲ್ಲಿರುವ ರೋಗಿಗಳ ಬಾಲ್ಯವೆಲ್ಲ ಆ ಪಂಪಿನೊಂದಿಗೇ ಕಳೆದಿದೆ.

ಚಿಕಿತ್ಸೆಯ ಹೊರೆ ದ್ವೀಪದ ಇಡೀ ಆರೋಗ್ಯ ವ್ಯವಸ್ಥೆಯನ್ನೇ ಮುಳುಗಿಸೀತು ಎಂಬ ಆತಂಕದಿಂದ ಸೈಪ್ರಸ್ ಸರ್ಕಾರ 1970ರ ದಶಕದಲ್ಲಿ ತಪಾಸಣೆ ಮತ್ತು ಸಲಹೆಯ ಕಾರ್ಯಕ್ರಮ ಆರಂಭಿಸಿತು. 1980ರ ದಶಕದ ಆರಂಭದಿಂದ ಮದುವೆಗೆ ಮುನ್ನ ರಕ್ತಪರೀಕ್ಷೆ ಮಾಡಿಸಿದ ಪ್ರಮಾಣಪತ್ರವನ್ನು ಅಲ್ಲಿನ ಆರ್ಥೊಡಾಕ್ಸ್ ಚರ್ಚೂ ಕೇಳತೊಡಗಿತು. ಮದುವೆಯಾಗುವುದೋ ಬಿಡುವುದೋ ಜೋಡಿಯ ನಿರ್ಧಾರವೇ. ತಿಳಿದು ನಿರ್ಧರಿಸಬೇಕು ಎಂಬುದಷ್ಟೇ ನಿಯಮ. ಕೆಲವೇ ವರ್ಷಗಳಲ್ಲಿ ಕಾಯಿಲೆಯೊಂದಿಗೆ ಹುಟ್ಟುವ ಮಕ್ಕಳ ಸಂಖ್ಯೆ ಬಹುತೇಕ ಇಲ್ಲವೆನ್ನುವಷ್ಟು ಇಳಿಯಿತು. ಬ್ರಿಟನ್ನಿನಲ್ಲಿ 1976ರಲ್ಲಿ ಯು.ಕೆ. ಥಲಸ್ಸೀಮಿಯಾ ಸೊಸೈಟಿ ಹುಟ್ಟಿದಾಗ ಅದರ ಹಿಂದೆ ಇದ್ದವರಲ್ಲಿ ಬಹಳ ಮಂದಿ ಲಂಡನ್ನಿನ ಸೈಪ್ರಸ್ ಮೂಲದ ತಂದೆತಾಯಿಗಳು. ಹತ್ತು ವರ್ಷಗಳ ನಂತರ, 1986ರಲ್ಲಿ, ಹಲವು ದೇಶಗಳ ಇಂಥ ಸಂಘಗಳು ಕೂಡಿ ಅಂತರರಾಷ್ಟ್ರೀಯ ಒಕ್ಕೂಟ ಕಟ್ಟಿಕೊಂಡವು. ಅದರ ಕೇಂದ್ರ ಇರುವುದು ಸೈಪ್ರಸ್‌ನ ರಾಜಧಾನಿ ನಿಕೊಸಿಯಾದಲ್ಲಿ.

ಇಂದು ಬ್ರಿಟನ್ನಿನ ಥಲಸ್ಸೀಮಿಯಾ ಚಿಕಿತ್ಸಾ ಕೇಂದ್ರಗಳಿಗೆ ಹೋದರೆ ಅಲ್ಲಿ ಕಾಣುವವರಲ್ಲಿ ಭಾರತ, ಪಾಕಿಸ್ತಾನ, ಬಾಂಗ್ಲಾದೇಶ ಮೂಲದ ಕುಟುಂಬಗಳೇ ಹೆಚ್ಚು. ಭಾರತದಲ್ಲಿ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಥಲಸ್ಸೀಮಿಯಾವನ್ನು 21 ಬಗೆಯ ಅಂಗವೈಕಲ್ಯಗಳ ಪಟ್ಟಿಯಲ್ಲಿ ಸೇರಿಸಿದೆ. ಈ ಪ್ರಕರಣದಲ್ಲಿ ಆರೋಗ್ಯದ ಸಂಸ್ಥೆ ಒಂದು, ಅಂಗವೈಕಲ್ಯದ ಸಂಸ್ಥೆ ಇನ್ನೊಂದು ಎಂದು ಶಾಲೆ ಬೇರೆಮಾಡಿ ನೋಡಿತ್ತಾದರೂ ಆ ಗೆರೆ ಅಷ್ಟು ಸ್ಪಷ್ಟವಲ್ಲ.

ಆ ಸಂಜೆ ನಡೆದದ್ದು

ಗ್ರೀಕ್ ಸಮುದಾಯಗಳಲ್ಲಿ ಹಣಕ್ಕೂ ಕುಣಿತಕ್ಕೂ ಹಳೆಯ ನಂಟಿದೆ. ಸೈಪ್ರಸ್‌ನ ಮದುವೆಗಳಲ್ಲಿ ಪಿಟೀಲು ಮತ್ತು ಲಾವುಟೋ ಎಂಬ ತಂತಿವಾದ್ಯದ ನಾದಕ್ಕೆ ವಧೂವರರು ಕುಣಿಯುತ್ತಿರುವಾಗ ನೆಂಟರು ಒಬ್ಬೊಬ್ಬರಾಗಿ ಬಂದು ಅವರ ಬಟ್ಟೆಗೆ ನೋಟುಗಳನ್ನು ಪಿನ್ನಿನಿಂದ ಚುಚ್ಚುತ್ತಾರೆ. ಇದಕ್ಕೆ ಪ್ಲೂಮಿಸ್ಮಾ ಎನ್ನುತ್ತಾರೆ. ಒಂದು ನೋಟಿಗೆ ಇನ್ನೊಂದನ್ನು ಜೋಡಿಸುತ್ತ ಹೋಗಿ ಕೊನೆಗೆ ಉದ್ದನೆಯ ಸರವೇ ಆಗುವುದುಂಟು. ಶಾಲೆಯ ಸಂಜೆಯಲ್ಲೂ ಇದೇ ಸಂಪ್ರದಾಯವನ್ನು ಬಳಸಿಕೊಂಡಿದ್ದರು: ಜೋಡಿ ಕುಣಿತಗಳ ಹೊತ್ತಿಗೆ ವೇಷಭೂಷಣ ತೊಟ್ಟ ಇಬ್ಬರು ಹಿರಿಯ ವಿದ್ಯಾರ್ಥಿಗಳು ನಡುವೆ ಬಂದರು, ಅತಿಥಿಗಳು ಅವರಿಗೆ ನೋಟು ಚುಚ್ಚಿದರು. ಇದರ ಜೊತೆಗೆ ಟಿಕೆಟ್ ಹಣ, ಲಕ್ಕಿ ಡ್ರಾ, ಮೇಜುಗಳ ಮೇಲಿಟ್ಟ ಡಬ್ಬಿಗಳು. ಭಿತ್ತಿಪತ್ರದಲ್ಲಿ ಈ ಸಂಜೆಯ ಆದಾಯವೆಲ್ಲ ಸೇವಾಸಂಸ್ಥೆಗಳಿಗೆ ಎಂದು ಬರೆದಿತ್ತು.

ಅದೇ ಸಂಜೆ ಮೊದಲ ಸುತ್ತಿನ ಕುಣಿತ ಮುಗಿದ ಮೇಲೆ ನಿರೂಪಕರು ಮೈಕು ಹಿಡಿದು ಥಲಸ್ಸೀಮಿಯಾದ ಬಗ್ಗೆ ಎರಡು ಮಾತು ಆಡಿದರು. ಆಮೇಲೆ, ನಮ್ಮ ನಡುವೆಯೇ ಇರುವ ಧೀರ ಹೆಣ್ಣುಮಗಳೊಬ್ಬಳು ಎದ್ದು ನಿಲ್ಲಲಿ ಎಂದು ಶಾಲೆಯ ಹಳೆಯ ವಿದ್ಯಾರ್ಥಿನಿಯೊಬ್ಬರ ಹೆಸರು ಹಿಡಿದು ಕರೆದರು. ಮೂವತ್ತು ದಾಟಿದ ಆಕೆ ಎದ್ದು ನಿಂತರು, ಚಪ್ಪಾಳೆ ಬಿತ್ತು, ಕುಳಿತರು. ಮುಂದಿನ ಕುಣಿತಕ್ಕೆ ಆಕೆ ಬರಲಿಲ್ಲ. ವಾರದ ನಂತರ ತರಗತಿಗೆ ಬಂದಾಗ ಶಿಕ್ಷಕಿಗೆ ಆಕೆ ಹೇಳಿದ್ದು ಇಷ್ಟು: “ಕಿರಿಯಾ, ನಾನು ಸಾಲಿನಲ್ಲಿ ಮೂರನೆಯವಳಾಗಿ ಕುಣಿಯಲು ಬಂದಿದ್ದೆ. ಎಲ್ಲರ ಮುಂದೆ ನನ್ನನ್ನು ರೋಗಿ ಎಂದು ನಿಲ್ಲಿಸಿದ ಮೇಲೆ ಆ ಜಾಗಕ್ಕೆ ಮರಳಲು ಆಗಲಿಲ್ಲ. ನೀವು ಒಂದು ಮಾತು ಮೊದಲೇ ಕೇಳಬಹುದಿತ್ತು.”

ಈ ಮಾತಿನ ಭಾರವನ್ನು ಅರಿಯಲು ಆ ಸಮುದಾಯದ ಹಳೆಯ ಮೌನವನ್ನೂ ಗಮನಿಸಬೇಕು. ಮನೆಯಲ್ಲಿ ಒಂದು ಮಗುವಿಗೆ ಈ ಕಾಯಿಲೆ ಇದೆಯೆಂದು ಗೊತ್ತಾದರೆ ಉಳಿದ ಮಕ್ಕಳ ಮದುವೆ ಕಷ್ಟವಾದೀತೆಂಬ ಭಯದಿಂದ ಎಷ್ಟೋ ಕುಟುಂಬಗಳು ಅದನ್ನು ಬಚ್ಚಿಟ್ಟವು. ದಕ್ಷಿಣ ಏಷ್ಯಾದ ಮನೆಗಳಲ್ಲಿ ಈ ಭಯ ಇಂದಿಗೂ ಹೋಗಿಲ್ಲ. ತನ್ನ ಕಾಯಿಲೆಯ ವಿಷಯವನ್ನು ಯಾರಿಗೆ, ಯಾವಾಗ ಹೇಳಬೇಕೆಂಬ ತೀರ್ಮಾನ ಆಕೆಯದೇ ಆಗಿರಬೇಕಿತ್ತು. ಸದುದ್ದೇಶದಿಂದಲೇ ಆ ತೀರ್ಮಾನವನ್ನು ಬೇರೊಬ್ಬರು ಮೈಕಿನ ಮುಂದೆ ತೆಗೆದುಕೊಂಡುಬಿಟ್ಟರು.

ಲೆಕ್ಕ ಎಲ್ಲಿ ಎಡವಿತು

ಟಿಕೆಟ್ಟಿನ ವಿಷಯವನ್ನೇ ಮೊದಲು ನೋಡೋಣ. ಟಿಕೆಟ್ ದರ 45 ಪೌಂಡ್ ಎಂದಿಟ್ಟುಕೊಂಡರೆ, ಊಟಕ್ಕೆ 28, ಸಭಾಂಗಣ, ವಾದ್ಯದವರು ಮತ್ತು ವಿಮೆ ಸೇರಿ ತಲೆಗೆ 12 ಹೋದರೆ ಉಳಿಯುವುದು ಐದೇ ಪೌಂಡ್. ಕೊಳ್ಳುವವರು ತಾವು 45 ಪೌಂಡ್ ದಾನ ಮಾಡಿದ್ದೇವೆಂಬ ಭಾವನೆಯಲ್ಲಿರುತ್ತಾರೆ. ಮೇಜಿನ ಮೇಲಿನ ಡಬ್ಬಿಗೆ ಮತ್ತೆ ಹಣ ಹಾಕುವ ಮನಸ್ಸು ಬರುವುದಿಲ್ಲ. ಭಿತ್ತಿಪತ್ರದಲ್ಲಿ ಬರೆದ ಆದಾಯ ಎಂಬ ಮಾತಿಗೆ ಶಾಲೆ ಖರ್ಚು ಕಳೆದು ಉಳಿದದ್ದು ಎಂಬ ಅರ್ಥ ಇಟ್ಟುಕೊಂಡಿತ್ತು, ಓದಿದವರು ಬಂದ ಹಣವೆಲ್ಲ ಎಂದು ತಿಳಿದುಕೊಂಡಿದ್ದರು. ಯಾರೂ ಮೋಸ ಮಾಡಿರಲಿಲ್ಲ. ಆದರೂ ಕೊಟ್ಟವರ ತಿಳಿವಳಿಕೆಗೂ ನಡೆದದ್ದಕ್ಕೂ ನಡುವೆ ದೊಡ್ಡ ಅಂತರವಿತ್ತು, ಮತ್ತು ಅಂಥ ಅಂತರವನ್ನು ಸಣ್ಣದೆಂದು ತಳ್ಳಿಹಾಕುವುದು ನನಗೆ ಸರಿಕಾಣಲಿಲ್ಲ.

ಇದಕ್ಕಿಂತ ಮುಖ್ಯವಾದ ಸಂಗತಿಯನ್ನು ಇಂಗ್ಲೆಂಡಿನ ಕಾನೂನೇ ಹೇಳುತ್ತದೆ. ನೃತ್ಯಶಾಲೆ ಸೇವಾಸಂಸ್ಥೆಯಲ್ಲ, ಅದು ಶಿಕ್ಷಕಿಯ ಜೀವನೋಪಾಯ, ಅಂದರೆ ಒಂದು ವ್ಯವಹಾರ. ಲಾಭಕ್ಕಾಗಿ ನಡೆಯುವ ವ್ಯವಹಾರವೊಂದು ತನ್ನ ಮಾರಾಟದ ಹಣದಲ್ಲಿ ಇಷ್ಟು ಭಾಗ ಸೇವಾಸಂಸ್ಥೆಗೆ ಹೋಗುತ್ತದೆ ಎಂದು ಸಾರಿ ಟಿಕೆಟ್ ಮಾರುವುದಾದರೆ, 1992ರ ಚಾರಿಟೀಸ್ ಕಾಯ್ದೆಯ ಪ್ರಕಾರ ಅದು ಮೊದಲೇ ಆ ಸಂಸ್ಥೆಯೊಂದಿಗೆ ಲಿಖಿತ ಒಪ್ಪಂದ ಮಾಡಿಕೊಂಡಿರಬೇಕು. ಯಾವ ಸಂಸ್ಥೆಗೆ, ಎಷ್ಟು ಹಣ ಅಥವಾ ಎಷ್ಟು ಪಾಲು ಹೋಗುತ್ತದೆಂಬುದನ್ನು ಕೊಳ್ಳುವವರಿಗೆ ತಿಳಿಸಲೂಬೇಕು. ಶಾಲೆಯವರು ಈ ನಿಯಮದ ಹೆಸರನ್ನೇ ಕೇಳಿರಲಿಲ್ಲ. ಹಣ ಕೂಡಿದ ಮೇಲೆ ಚೆಕ್ಕು ಬರೆದು ಕಳಿಸಿದರಾಯಿತು ಎಂಬುದೇ ಅವರ ನಂಬಿಕೆ. ನನ್ನ ಮಟ್ಟಿಗೆ ಈ ನಿಯಮದ ಸಾರ ಕಾಗದಪತ್ರದಲ್ಲಿಲ್ಲ. ನಿನ್ನ ಹೆಸರನ್ನು ಬಳಸುತ್ತಿದ್ದೇವೆ, ಒಪ್ಪುವೆಯಾ ಎಂದು ಪಡೆಯುವವರನ್ನು ಕೇಳಬೇಕೆಂಬುದೇ ಅದರ ಸಾರ. ಆ ಹೆಣ್ಣುಮಗಳು ಶಿಕ್ಷಕಿಗೆ ಹೇಳಿದ್ದೂ ಇದನ್ನೇ.

ಲಕ್ಕಿ ಡ್ರಾದ ಟಿಕೆಟ್ಟುಗಳನ್ನು ಎರಡು ವಾರ ಮೊದಲೇ ತರಗತಿಗಳಲ್ಲಿ ಮಾರಿದ್ದರು. ಕಾರ್ಯಕ್ರಮ ನಡೆಯುವ ಜಾಗದಲ್ಲಿ, ಅದು ನಡೆಯುವ ಹೊತ್ತಿನಲ್ಲಷ್ಟೇ ಟಿಕೆಟ್ ಮಾರಿದರೆ, ಬಂದ ಹಣದಿಂದ ಬಹುಮಾನಕ್ಕೆ 500 ಪೌಂಡ್ ಮತ್ತು ಖರ್ಚಿಗೆ 100 ಪೌಂಡ್ ಮೀರದಿದ್ದರೆ ಅದಕ್ಕೆ ಪರವಾನಗಿ ಬೇಡ. ದಾನವಾಗಿ ಬಂದ ಬಹುಮಾನಗಳಿಗೆ ಮಿತಿಯೂ ಇಲ್ಲ. ಹೊರಗೆ, ಮುಂಚಿತವಾಗಿ ಮಾರಿದರೆ ಅದು ಬೇರೆ ಬಗೆಯ ಲಾಟರಿಯಾಗುತ್ತದೆ, ಸ್ಥಳೀಯ ಕೌನ್ಸಿಲ್‌ನಲ್ಲಿ ನೋಂದಣಿ ಬೇಕಾಗಬಹುದು. ಈ ವಿಷಯ ಒಂದೇ ದಿನದಲ್ಲಿ ತಿದ್ದಿಕೊಳ್ಳುವಂಥದ್ದಾಗಿತ್ತು.

ನಿಜವಾದ ಕಗ್ಗಂಟು ಚುಚ್ಚಿದ ನೋಟುಗಳದು. ಕುಣಿತ ಮುಗಿದ ಮೇಲೆ ಯಾರೋ ಅವನ್ನು ಬಿಡಿಸಿ ಒಂದು ಚೀಲಕ್ಕೆ ಹಾಕಿದರು. ಚೀಲ ರಾತ್ರಿಯಿಡೀ ಅಡುಗೆಮನೆಯ ಕಪಾಟಿನಲ್ಲಿತ್ತು. ಮರುದಿನ ಎಣಿಸಿ ಶಾಲೆಯ ಖಾತೆಗೆ ತುಂಬಿದರು. ಅದರಿಂದಲೇ ವಾದ್ಯದವರಿಗೂ ಕೊಟ್ಟರು. ಎಷ್ಟು ಬಂದಿತ್ತೆಂದು ಹೇಳುವ ದಾಖಲೆ ಒಂದೂ ಇಲ್ಲ. ಇದನ್ನು ಕೇಳಿದಾಗ ನನಗೆ ನೆನಪಾದದ್ದು ನಮ್ಮ ಮದುವೆಮನೆಯ ಮುಯ್ಯಿ. ಛತ್ರದ ಮೂಲೆಯಲ್ಲಿ ನೋಟ್‌ಬುಕ್ ಹಿಡಿದು ಕೂತವರು ಕೊಟ್ಟವರ ಹೆಸರು, ಊರು, ಮೊತ್ತವನ್ನು ಆಗಿಂದಾಗಲೇ ಬರೆಯುತ್ತಾರೆ, ಪಕ್ಕದಲ್ಲಿ ಇನ್ನೊಬ್ಬರು ಎಣಿಸಿ ಪೆಟ್ಟಿಗೆಗೆ ಹಾಕುತ್ತಾರೆ. ಆ ಪುಸ್ತಕ ಮನೆಯಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ನಾನು ಈ ಪದ್ಧತಿಯನ್ನು ಶಿಕ್ಷಕಿಗೆ ವಿವರಿಸಿದೆ. ತಮ್ಮ ಅಜ್ಜಿಯ ಊರಿನಲ್ಲೂ ಯಾರು ಎಷ್ಟು ಚುಚ್ಚಿದರೆಂದು ಹಿರಿಯರು ಲೆಕ್ಕ ಇಡುತ್ತಿದ್ದರಂತೆ ಎಂದು ಅವರು ಹೇಳಿದರು. ಪರಿಹಾರ ಅವರ ಸಂಪ್ರದಾಯದೊಳಗೇ ಇತ್ತು.

ಕೇಳಿದ ಮೇಲೆ ಬದಲಾದದ್ದು

ಮುಂದಿನ ವರ್ಷದ ತಯಾರಿ ಎರಡು ಭೇಟಿಗಳಿಂದ ಆರಂಭವಾಯಿತು. ಶಿಕ್ಷಕಿ ಎರಡೂ ಸಂಸ್ಥೆಗಳಿಗೆ ಹೋಗಿ ನಿಮಗೆ ಏನು ಬೇಕು ಎಂದು ಕೇಳಿದರು. ಉತ್ತರಗಳು ಶಾಲೆ ನಿರೀಕ್ಷಿಸಿದಂತಿರಲಿಲ್ಲ.

ಥಲಸ್ಸೀಮಿಯಾ ಸಂಘದವರು, ಹಣ ಬೇಕು, ಆದರೆ ರಕ್ತದಾನಿಗಳೂ ಅಷ್ಟೇ ಬೇಕು ಎಂದರು. ಬ್ರಿಟನ್ನಿನಲ್ಲಿ ಚಿಕಿತ್ಸೆಯ ವೆಚ್ಚವನ್ನು ಸರ್ಕಾರಿ ಆರೋಗ್ಯ ಸೇವೆ ಭರಿಸುತ್ತದೆ. 2023ರ ನವೆಂಬರಿನಲ್ಲಿ ಜೀನ್ ತಿದ್ದುವ ಚಿಕಿತ್ಸೆಯೊಂದಕ್ಕೆ ಜಗತ್ತಿನಲ್ಲೇ ಮೊದಲು ಅನುಮತಿ ಕೊಟ್ಟ ದೇಶವೂ ಅದೇ. ಸಂಘ ಹಣ ಖರ್ಚು ಮಾಡುವುದು ರೋಗಿಗಳ ಆಪ್ತಸಲಹೆಗೆ, ಹಲವು ಭಾಷೆಗಳ ಕರಪತ್ರಗಳಿಗೆ, ಹೊಸದಾಗಿ ಕಾಯಿಲೆ ಪತ್ತೆಯಾದ ಮಗುವಿನ ಮನೆಯವರ ಜೊತೆ ಮಾತಾಡುವುದಕ್ಕೆ. ಮತ್ತೆ ಮತ್ತೆ ರಕ್ತ ಪಡೆಯುವವರ ದೇಹ ಬೇರೆಯವರ ರಕ್ತಕಣಗಳ ವಿರುದ್ಧ ಪ್ರತಿಕಾಯಗಳನ್ನು ಬೆಳೆಸಿಕೊಳ್ಳಬಹುದಾದ್ದರಿಂದ, ಎ, ಬಿ, ಓ ಗುಂಪುಗಳಾಚೆಗೂ ಹೊಂದಾಣಿಕೆ ನೋಡಬೇಕಾಗುತ್ತದೆ. ಒಂದೇ ಮೂಲದ ಜನರಲ್ಲಿ ಅಂಥ ಹೊಂದಾಣಿಕೆ ಸಿಗುವ ಸಾಧ್ಯತೆ ಹೆಚ್ಚು. ಇನ್ನೂರು ಜನ ಸೇರುವ ಸಂಜೆಯಲ್ಲಿ ರಕ್ತದಾನಕ್ಕೆ ಹೆಸರು ಬರೆಸುವ ಮೇಜೊಂದಿದ್ದರೆ ಅದರ ಬೆಲೆ ಡಬ್ಬಿಯ ಹಣಕ್ಕಿಂತ ಕಡಿಮೆಯಲ್ಲ ಎಂಬುದು ಅವರ ಮಾತು.

ಮಕ್ಕಳ ಸಂಸ್ಥೆಯವರು ಕೇಳಿದ್ದು ಇನ್ನೂ ಸರಳವಾಗಿತ್ತು. ನಮ್ಮ ಮಕ್ಕಳಿಗಾಗಿ ಕುಣಿಯುತ್ತೀರಿ, ನಮ್ಮ ಮಕ್ಕಳ ಜೊತೆ ಕುಣಿಯುತ್ತೀರಾ?

ಈ ಪ್ರಶ್ನೆ ಶಿಕ್ಷಕಿಯನ್ನು ಬಹಳ ಕಾಡಿತು. ಶಾಲೆಯ ಇಡೀ ವರ್ಷದ ಕೆಲಸವನ್ನು ಬದಲಿಸಿದ್ದೂ ಇದೇ. ಗ್ರೀಕ್ ಜನಪದ ನೃತ್ಯಗಳಲ್ಲಿ ಬಹುಪಾಲು ವರ್ತುಲದ ಕುಣಿತಗಳು. ಕೈ ಕೈ ಹಿಡಿದು, ಬಲಕ್ಕೆ ಸಾಗುತ್ತ, ಮುಂದಾಳು ಮಾತ್ರ ಕರವಸ್ತ್ರ ಬೀಸಿ ತನ್ನ ಚಮತ್ಕಾರ ತೋರಿಸುತ್ತಾನೆ. ಉಳಿದವರ ಹೆಜ್ಜೆ ಸರಳ. ಯಾರು ಬೇಕಾದರೂ ನಡುವೆ ಬಂದು ಸೇರಬಹುದು, ದಣಿದರೆ ಸರಿಯಬಹುದು. ವೇದಿಕೆಯ ಪ್ರದರ್ಶನವಾದಾಗ ಈ ಗುಣವೇ ಮರೆಯಾಗುತ್ತದೆ. ಶಾಲೆಯ ಸಂಜೆ ವರ್ಷದಿಂದ ವರ್ಷಕ್ಕೆ ಪ್ರದರ್ಶನದ ಕಡೆಗೇ ವಾಲಿತ್ತು ಎಂಬುದನ್ನು ಶಿಕ್ಷಕಿ ತಾವೇ ಗುರುತಿಸಿದರು.

ತಿಂಗಳಿಗೊಂದು ಶನಿವಾರ ಮಧ್ಯಾಹ್ನ ಮಕ್ಕಳ ಸಂಸ್ಥೆಯಲ್ಲೇ ತರಗತಿ ಶುರುವಾಯಿತು. ಆರಿಸಿಕೊಂಡದ್ದು ಕಲಮತಿಯಾನೋಸ್. ಏಳು ಎಣಿಕೆಯ ಈ ಕುಣಿತ ಮೂರು, ಎರಡು, ಎರಡು ಎಂದು ಒಡೆಯುತ್ತದೆ. ಮಿಶ್ರಛಾಪು ತಾಳ ಕೇಳಿ ಬೆಳೆದ ಕನ್ನಡಿಗರ ಕಿವಿಗೆ ಮೊದಲ ಆವರ್ತದಲ್ಲೇ ಒಗ್ಗಿಬಿಡುತ್ತದೆ. ಅಡಿಪಾಯದ ಹನ್ನೆರಡು ಹೆಜ್ಜೆಗಳಲ್ಲಿ ಹೆಚ್ಚಿನವು ಬಲಕ್ಕೆ ಸಾಗುತ್ತವೆ, ಕೊನೆಯವು ಹಿಂದಕ್ಕೆ ತೂಗುತ್ತವೆ. ಗಾಲಿಕುರ್ಚಿಯಲ್ಲಿರುವ ಮಗು ಎರಡೂ ಕೈಗಳನ್ನು ಅಕ್ಕಪಕ್ಕದವರಿಗೆ ಕೊಟ್ಟರೆ ಗಾಲಿ ತಳ್ಳುವವರು ಯಾರು? ಒಂದೇ ಕೈಯಿಂದ ತಳ್ಳಿದರೆ ಕುರ್ಚಿ ತಿರುಗಿಬಿಡುತ್ತದೆ. ಮೊದಲ ದಿನ ಶಾಲೆಯ ದೊಡ್ಡ ಹುಡುಗರು ಹಿಂದಿನಿಂದ ಜೋರಾಗಿ ತಳ್ಳಿದರು; ಕುರ್ಚಿಯಲ್ಲಿದ್ದ ಒಬ್ಬ ಬಾಲಕ ಹಿಂದೆ ತಿರುಗಿ, “ಮೆಲ್ಲಗೆ, ತಾಳ ತಪ್ಪುತ್ತಿದೆ” ಎಂದ. ಅವನಿಗೆ ತಾಳ ಸಿಕ್ಕಿತ್ತು, ತಳ್ಳುವವರಿಗೆ ಸಿಕ್ಕಿರಲಿಲ್ಲ. ಆ ದಿನದಿಂದ ತಳ್ಳುವವರಿಗೇ ಬೇರೆಯಾಗಿ ಹೆಜ್ಜೆ ಕಲಿಸಲಾಯಿತು: ಸಾಗುವ ಎಣಿಕೆಗಳಲ್ಲಿ ಮುಂದೆ, ತೂಗುವ ಎಣಿಕೆಗಳಲ್ಲಿ ಕುರ್ಚಿಯ ಮುಖವನ್ನು ವರ್ತುಲದ ನಡುವಿಗೆ ಸ್ವಲ್ಪ ತಿರುಗಿಸಿ ನಿಲುಗಡೆ. ಕೈಯ ಎತ್ತರ ಹೊಂದದ ಕಡೆ ಇಬ್ಬರ ನಡುವೆ ಕರವಸ್ತ್ರ ಬಂತು. ಇದು ಹೊಸ ಉಪಾಯವೇನಲ್ಲ, ಮುಂದಾಳಿಗೂ ಎರಡನೆಯವನಿಗೂ ನಡುವೆ ಕರವಸ್ತ್ರ ಹಿಡಿಯುವುದು ಆ ನೃತ್ಯದಲ್ಲಿ ಮೊದಲಿನಿಂದಲೂ ಇದೆ. ಭುಜಕ್ಕೆ ಭುಜ ಹಿಡಿದು ಕುಣಿಯುವ ಹಸಾಪಿಕೋವನ್ನು ಈ ತರಗತಿಯಲ್ಲಿ ಕೈಬಿಟ್ಟರು. ಥಲಸ್ಸೀಮಿಯಾದವರಲ್ಲಿ ಮೂಳೆಗಳು ದುರ್ಬಲವಾಗಿರುವುದುಂಟಾದ್ದರಿಂದ ನೆಗೆತದ ಕುಣಿತಗಳಲ್ಲೂ ಒತ್ತಾಯ ಮಾಡಲಿಲ್ಲ.

ಸಂಜೆಯ ದಿನಾಂಕ ಗೊತ್ತುಮಾಡುವ ಮುನ್ನ ಶಿಕ್ಷಕಿ ಆ ಹಳೆಯ ವಿದ್ಯಾರ್ಥಿನಿಯನ್ನು ಕೇಳಿದರು. ರಕ್ತ ಕೊಡಿಸುವ ಮುಂಚಿನ ದಿನಗಳಲ್ಲಿ ಹಿಮೋಗ್ಲೋಬಿನ್ ಇಳಿದು ಆಯಾಸ ಹೆಚ್ಚಿರುತ್ತದೆ. ಕೊಡಿಸಿದ ನಂತರದ ವಾರ ಮೈಗೆ ಬಲವಿರುತ್ತದೆ. ಆಕೆ ತನ್ನ ಆಸ್ಪತ್ರೆಯ ದಿನ ನೋಡಿಕೊಂಡು ಒಂದು ಶನಿವಾರ ಹೇಳಿದರು, ಅದೇ ಗೊತ್ತಾಯಿತು. ಮೈಕಿನಲ್ಲಿ ಯಾರ ಹೆಸರನ್ನೂ ಹೇಳಲಿಲ್ಲ. ಸಂಘದ ಪ್ರತಿನಿಧಿಯೊಬ್ಬರು ರಕ್ತದಾನದ ಮೇಜಿನ ಬಗ್ಗೆ ಐದು ನಿಮಿಷ ಮಾತಾಡಿದರು, ಅಷ್ಟೆ. ಆಕೆ ಮೂರನೆಯ ಜಾಗದಲ್ಲಿ ಕುಣಿದರು.

ಹಣದ ವ್ಯವಸ್ಥೆಯೂ ಬದಲಾಯಿತು. ಟಿಕೆಟ್ಟನ್ನು ಖರ್ಚಿನ ದರಕ್ಕೇ ಇಳಿಸಿ, ಇದು ನಿಮ್ಮ ಊಟ ಮತ್ತು ಸಂಗೀತದ ಬೆಲೆ, ಇದರಲ್ಲಿ ದಾನವಿಲ್ಲ ಎಂದು ಟಿಕೆಟ್ಟಿನ ಮೇಲೆಯೇ ಅಚ್ಚುಹಾಕಿಸಿದರು. ದಾನ ಬೇರೆ ಲಕೋಟೆಯಲ್ಲಿ, ನೇರವಾಗಿ ಸಂಸ್ಥೆಯ ಹೆಸರಿಗೆ. ಇದರಿಂದ ಇನ್ನೊಂದು ಅನುಕೂಲವಾಯಿತು: ಆದಾಯ ತೆರಿಗೆ ಕಟ್ಟುವವರು ಹೆಸರು, ವಿಳಾಸ ಬರೆದು ಸಹಿ ಹಾಕಿ ಕೊಟ್ಟ ಪ್ರತಿ ಪೌಂಡಿಗೆ ಸಂಸ್ಥೆ ಸರ್ಕಾರದಿಂದ 25 ಪೆನ್ಸ್ ಪಡೆಯಬಹುದು. ಊಟದ ಟಿಕೆಟ್ಟಿಗಾಗಲಿ ಲಕ್ಕಿ ಡ್ರಾದ ಟಿಕೆಟ್ಟಿಗಾಗಲಿ ಈ ಸೌಲಭ್ಯವಿಲ್ಲ. ಮೇಲಿನ ಮಾದರಿಯಲ್ಲೇ ಹೇಳುವುದಾದರೆ, 45 ಪೌಂಡಿನ ಟಿಕೆಟ್ಟಿನಿಂದ ಐದು ಪೌಂಡ್ ಉಳಿಯುತ್ತಿದ್ದ ಕಡೆ, 40 ಪೌಂಡಿನ ಟಿಕೆಟ್ ಕೊಂಡವರು ಲಕೋಟೆಯಲ್ಲಿ 20 ಇಟ್ಟರೆ ಸಂಸ್ಥೆಗೆ 25 ಸೇರುತ್ತದೆ. ಎಲ್ಲರೂ ಇಡುವುದಿಲ್ಲ, ನಾಲ್ವರಲ್ಲಿ ಒಬ್ಬರು ಇಟ್ಟರೂ ಮೊದಲಿನ ಕ್ರಮಕ್ಕಿಂತ ಹೆಚ್ಚೇ ಆಗುತ್ತದೆ.

ಪ್ಲೂಮಿಸ್ಮಾವನ್ನು ಬಿಡಬೇಕೆಂದು ಸಮಿತಿಯ ಕೆಲವರು ಹೇಳಿದ್ದರು. ನಾನು ಒಪ್ಪಲಿಲ್ಲ, ಶಿಕ್ಷಕಿಯೂ ಒಪ್ಪಲಿಲ್ಲ. ಹಿರಿಯರು ಕೊಡುವುದೇ ಆ ಹೊತ್ತಿನಲ್ಲಿ, ಆ ಕುಣಿತ ನೋಡುತ್ತ. ಹಾಗಾಗಿ ಕುಣಿತದ ಪಕ್ಕದಲ್ಲೇ ಒಂದು ಮೇಜು ಹಾಕಿ, ಎರಡು ಸಂಸ್ಥೆಗಳಿಂದ ಒಬ್ಬೊಬ್ಬರು ಕೂತರು. ಹಾಡು ಮುಗಿಯುತ್ತಿದ್ದಂತೆ ಕುಣಿದ ಜೋಡಿ ನೇರ ಆ ಮೇಜಿಗೆ ಬಂದು, ನೋಟುಗಳನ್ನು ಎಲ್ಲರ ಕಣ್ಣೆದುರೇ ಬಿಡಿಸಿ ಕೊಟ್ಟರು. ಒಬ್ಬರು ಎಣಿಸಿದರು, ಇನ್ನೊಬ್ಬರು ಬರೆದರು, ಇಬ್ಬರೂ ಸಹಿ ಹಾಕಿದರು. ಕೊನೆಯ ಹಾಡಿಗೆ ಮುನ್ನ ಮೊತ್ತವನ್ನು ಮೈಕಿನಲ್ಲಿ ಓದಿ ಹೇಳಿದರು. ವಾದ್ಯದವರ ಸಂಭಾವನೆ ಟಿಕೆಟ್ ಹಣದಿಂದ ಮೊದಲೇ ಸಂದಿತ್ತಾದ್ದರಿಂದ ಈ ಹಣವನ್ನು ಬೇರಾವುದಕ್ಕೂ ಮುಟ್ಟಬೇಕಾಗಲಿಲ್ಲ.

ಒಂದು ಅಡಚಣೆಯನ್ನು ಯಾರೂ ಮುಂಗಂಡಿರಲಿಲ್ಲ. ವಾದ್ಯದವರ ಧ್ವನಿವರ್ಧಕದ ತಂತಿಗಳು ಕುಣಿತದ ನೆಲವನ್ನು ಅಡ್ಡಲಾಗಿ ಹಾದುಹೋಗಿದ್ದವು. ಮಕ್ಕಳು ಬಂದಾಗ ಮೊದಲ ಕುರ್ಚಿಯ ಮುಂದಿನ ಪುಟ್ಟ ಗಾಲಿ ಅದಕ್ಕೇ ಸಿಕ್ಕಿಕೊಂಡಿತು. ಸಂಗೀತ ನಿಲ್ಲಿಸಿ, ತಂತಿಗಳನ್ನು ಗೋಡೆಯಂಚಿಗೆ ಸರಿಸಿ ಟೇಪು ಹಚ್ಚುವವರೆಗೆ ಎಲ್ಲರೂ ಕಾಯಬೇಕಾಯಿತು. ಮತ್ತೆ ಶುರುವಾದಾಗ ಪಿಟೀಲಿನವರು ತಾವಾಗಿಯೇ ಲಯವನ್ನು ಇಳಿಸಿದರು. ನಿಧಾನದ ಕಲಮತಿಯಾನೋಸ್ ತಾವು ಚಿಕ್ಕಂದಿನಲ್ಲಿ ಕುಣಿದದ್ದೂ ಇದೇ ನಡೆಯಲ್ಲಿ ಎಂದು ಎಂಬತ್ತು ದಾಟಿದ ಅಜ್ಜಿಯರಿಬ್ಬರು ಎದ್ದು ಬಂದು ಸೇರಿದರು.

ಇನ್ನೂ ಇತ್ಯರ್ಥವಾಗದ್ದು

ಎರಡೂ ಸಂಸ್ಥೆಗಳಿಗೆ ಸೇರಿದ ಹಣ ಹಿಂದಿನ ವರ್ಷಕ್ಕಿಂತ ಸ್ಪಷ್ಟವಾಗಿ ಹೆಚ್ಚಿತ್ತು, ರಕ್ತದಾನದ ಮೇಜಿನಲ್ಲಿ ಹೆಸರು ಬರೆಸಿದವರೂ ಇದ್ದರು. ಆದರೆ ಹಂಚಿಕೆಯ ಪ್ರಶ್ನೆ ಉಳಿದಿದೆ. ಲಕೋಟೆಗಳ ಮೇಲೆ ಸಂಸ್ಥೆಯ ಹೆಸರನ್ನು ಕೊಡುವವರೇ ಗುರುತು ಮಾಡುವುದರಿಂದ, ಸಮುದಾಯಕ್ಕೆ ಹೆಚ್ಚು ಪರಿಚಿತವಾದ ಥಲಸ್ಸೀಮಿಯಾ ಸಂಘಕ್ಕೇ ದೊಡ್ಡ ಪಾಲು ಹೋಗುತ್ತದೆ. ಪ್ಲೂಮಿಸ್ಮಾದ ಹಣವನ್ನಾದರೂ ಪೂರ್ತಿಯಾಗಿ ಮಕ್ಕಳ ಸಂಸ್ಥೆಗೆ ಕೊಡಬೇಕೆಂದು ಕೆಲವರ ವಾದ. ನೋಟು ಚುಚ್ಚಿದವರಿಗೆ ಅದನ್ನು ಮೊದಲೇ ತಿಳಿಸದೆ ಹಾಗೆ ಮಾಡಬಾರದೆಂಬುದು ನನ್ನ ವಾದ. ಮುಂದಿನ ಒಪ್ಪಂದದಲ್ಲಿ ಈ ಅಂಶವನ್ನು ಬರೆಯುವ ಹೊಣೆಯನ್ನು ಎರಡೂ ಸಂಸ್ಥೆಗಳಿಗೇ ಬಿಡಲಾಗಿದೆ.

ಈಗ ಸಮಿತಿಯ ಸದಸ್ಯೆಯಾಗಿರುವ ಆ ಹಳೆಯ ವಿದ್ಯಾರ್ಥಿನಿ ಇನ್ನೊಂದು ಪ್ರಸ್ತಾಪ ಇಟ್ಟಿದ್ದಾರೆ. ದುಬಾರಿ ಊಟದ ಸಂಜೆಯನ್ನು ಎರಡು ವರ್ಷಕ್ಕೊಮ್ಮೆ ಮಾತ್ರ ನಡೆಸಿ, ಬಿಟ್ಟ ವರ್ಷದಲ್ಲಿ ಶನಿವಾರದ ತರಗತಿಗಳನ್ನು ತಿಂಗಳಿಗೆ ಎರಡು ಮಾಡಬೇಕು, ಅದಕ್ಕೆ ಬೇಕಾದ ಹಣವನ್ನು ಪೋಷಕರಿಂದ ತಿಂಗಳ ವಂತಿಗೆಯಾಗಿ ಪಡೆಯಬೇಕು ಎಂಬುದು ಅವರ ಸಲಹೆ. ಶಿಕ್ಷಕಿಗೆ ಹಿಂಜರಿಕೆಯಿದೆ: ಹೊಸ ವಿದ್ಯಾರ್ಥಿಗಳು ಶಾಲೆಗೆ ಸೇರುವುದು ಆ ಸಂಜೆಯನ್ನು ನೋಡಿಯೇ, ಅದು ತಪ್ಪಿದರೆ ಶಾಲೆಯ ಬಾಡಿಗೆಯೇ ಹುಟ್ಟದೆ ಹೋಗಬಹುದು. ನಾನು ಎರಡೂ ಕ್ರಮಗಳ ಖರ್ಚುವೆಚ್ಚವನ್ನು ಪಕ್ಕಪಕ್ಕ ಬರೆದುಕೊಟ್ಟಿದ್ದೇನೆ. ಮಕ್ಕಳ ತಂದೆತಾಯಿಗಳ ಅಭಿಪ್ರಾಯ ಬಂದ ಮೇಲೆ ಸಮಿತಿ ತೀರ್ಮಾನಿಸುತ್ತದೆ. ಅವರಿಗೆ ಪ್ರಶ್ನಾವಳಿ ಕಳಿಸುವ ಕೆಲಸ ಈಗ ನಡೆದಿದೆ.